ಬಿ.ಬಿ. ರಸ್ತೆಯ ಫ್ಲೆಕ್ಸ್‌ನಲ್ಲಿ ಯಾರ ಮುಖ?

(ಚಿಕ್ಕಬಳ್ಳಾಪುರದಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯವನ್ನು ‘ಫ್ಯಾಷನ್ ಲೋಕದಲ್ಲಿ ವೈವಿಧ್ಯದ ಕೊರತೆ ಮತ್ತು ಸಾರ್ವಜನಿಕ ಪ್ರತಿಕ್ರಿಯೆ’ ಎಂದು ಅಚ್ಚು ಹಾಕಿಸಿದ್ದಾರೆ. ಓದಿದವರಿಗೆ ಪ್ಯಾರಿಸ್‌ನಿಂದ ಯಾರೋ ಬರುತ್ತಾರೆ ಅನ್ನಿಸಿದ್ದರೆ ಕ್ಷಮಿಸಿ. ನಾನು ಸೀರೆ ಅಂಗಡಿ, ಒಡವೆ ಅಂಗಡಿಗಳ ಜಾಹೀರಾತಿಗೆ ಫೋಟೋ ತೆಗೆದು ಹೊಟ್ಟೆ ಹೊರೆಯುವವನು. ಲಗ್ನದ ಕಾಲದಲ್ಲಿ ಮದುವೆಗಳಿಗೂ ಹೋಗುತ್ತೇನೆ. ಪ್ಯಾರಿಸ್ ನೋಡಿಲ್ಲ. ಆದರೆ ಪ್ಯಾರಿಸ್‌ನಲ್ಲಿ ಆಡುವ ಒಂದು ಮಾತನ್ನು ನಮ್ಮ ಗಂಗಮ್ಮನಗುಡಿ ರಸ್ತೆಯಲ್ಲೂ ಕೇಳಿದ್ದೇನೆ: ‘ನಮ್ಮದೇನಿದೆ ಸ್ವಾಮಿ, ಜನ ಕೇಳುವುದೇ ಅದನ್ನು.’

ಈ ಮಾತು ನಿಜವೇ ಎಂದು ನೋಡುವುದಷ್ಟೇ ನನ್ನ ಇವತ್ತಿನ ಕೆಲಸ.

ನೀವು ದಿನವೂ ಓಡಾಡುವ ಬಿ.ಬಿ. ರಸ್ತೆಯನ್ನೇ ತೆಗೆದುಕೊಳ್ಳಿ. ಬಟ್ಟೆ ಅಂಗಡಿಯೊಂದರ ಮುಂದೆ ನಿಲ್ಲಿಸಿರುವ ಗೊಂಬೆಯನ್ನು ಹತ್ತಿರ ಹೋಗಿ ನೋಡಿದ್ದೀರಾ? ಮಾಸಲು ಗುಲಾಬಿ ಮೈ, ನೀಲಿ ಬಳಿದ ಕಣ್ಣು, ಕಂದು ಕೂದಲಿನ ಟೋಪನ್. ಹಣೆಗೆ ಅಂಗಡಿಯವರೇ ಅಂಟಿಸಿದ ಕೆಂಪು ಬಿಂದಿ. ಮೂಗಿನ ತುದಿ ಚಕ್ಕೆ ಎದ್ದು ಒಳಗಿನ ಫೈಬರ್ ಕಾಣುತ್ತದೆ. ಇಷ್ಟರ ಮೇಲೆ ಒಂಬತ್ತು ಗಜದ ಸೀರೆ. ಪಾಪ, ಯಾವ ದೇಶದ ಹೆಣ್ಣೋ! ತಲೆ ಎತ್ತಿದರೆ ವರಮಹಾಲಕ್ಷ್ಮಿ ಹಬ್ಬದ ಫ್ಲೆಕ್ಸ್. ಅದರಲ್ಲಿರುವ ಹೆಣ್ಣುಮಗಳನ್ನು ಯಾವ ಛಾಯಾಗ್ರಾಹಕನೂ ಈ ಅಂಗಡಿಗೆಂದು ತೆಗೆದಿಲ್ಲ. ಫ್ಲೆಕ್ಸ್ ಮುದ್ರಿಸುವವರ ಕಂಪ್ಯೂಟರಿನಲ್ಲಿ ‘ಲೇಡೀಸ್’ ಎಂಬ ಫೋಲ್ಡರ್ ಒಂದಿರುತ್ತದೆ. ಅಂತರ್ಜಾಲದಿಂದ ಯಾವತ್ತೋ ಇಳಿಸಿಕೊಂಡ ಮುಖಗಳು ಅವು. ಸೀರೆ ಅಂಗಡಿಗೂ ಅದೇ ಮುಖ, ಕಣ್ಣಿನ ಆಸ್ಪತ್ರೆಗೂ ಅದೇ ಮುಖ, ಪ್ಯಾರಾಮೆಡಿಕಲ್ ಕಾಲೇಜಿನ ಪ್ರವೇಶ ಪ್ರಕಟಣೆಗೂ ಅದೇ. ಆ ಫೋಲ್ಡರಿನಲ್ಲಿ ಕಪ್ಪು ಮೈಬಣ್ಣದವರಿಲ್ಲ, ದಪ್ಪಗಿರುವವರಿಲ್ಲ, ನಲವತ್ತು ದಾಟಿದವರಿಲ್ಲ.

ಇನ್ನು ಆ ಫ್ಲೆಕ್ಸ್‌ನಲ್ಲಿರುವ ರೇಷ್ಮೆ ಎಲ್ಲಿಯದು? ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ನಿಮಗೆ ನಾನು ಪರಿಚಯಿಸಬೇಕಾಗಿಲ್ಲ. ಬೆಳಿಗ್ಗೆ ಗೂಡು ಹರಾಜಾಗುತ್ತದೆ, ನೂಲು ತೆಗೆಸುವ ರೀಲರ್ ಮನೆಗೆ ಹೋಗುತ್ತದೆ, ಬಿಸಿನೀರಿನ ಬೇಸಿನ್ನಿಗೆ ಬೀಳುತ್ತದೆ. (ಬಿಳಿ ದ್ವಿತಳಿ ಗೂಡಿಗೆ ಹಳದಿ ಮಿಶ್ರತಳಿಗಿಂತ ಬೆಲೆ ಹೆಚ್ಚು ಎಂದು ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದೀರಿ. ಅದು ಎಳೆಯ ಉದ್ದಕ್ಕೆ ಮತ್ತು ಗಟ್ಟಿತನಕ್ಕೆ ಸಿಗುವ ಬೆಲೆ, ಬಣ್ಣಕ್ಕಲ್ಲ.) ಬೇಸಿನ್ನಿನ ಮುಂದೆ ಕುಳಿತ ಹೆಂಗಸು ತೇಲುವ ಗೂಡುಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯನ್ನು ಬೆರಳಿಗೆ ಸಿಕ್ಕಿಸಿಕೊಂಡು, ಹಲವು ಎಳೆಗಳನ್ನು ಸೇರಿಸಿ ಒಂದು ನೂಲಾಗಿ ಮೇಲಕ್ಕೆ ಕೊಡುತ್ತಾಳೆ. ದಿನವಿಡೀ ನೀರಿನಲ್ಲಿದ್ದ ಅವಳ ಬೆರಳ ತುದಿಗಳು ಬೆಂದು ಬಿಳುಚಿ ಸುಕ್ಕಾಗಿರುತ್ತವೆ. ಅವಳ ಮೈಯಲ್ಲಿ ಬೆಳ್ಳಗಾಗಿರುವ ಜಾಗ ಅದೊಂದೇ. ಆ ನೂಲು ಕಂಚಿಗೆ, ಧರ್ಮಾವರಕ್ಕೆ ಹೋಗಿ ಸೀರೆಯಾಗಿ ನಮ್ಮ ಊರಿಗೆ ವಾಪಸು ಬರುವಾಗ ಉಟ್ಟು ನಿಲ್ಲುವವಳು ಮಾತ್ರ ಬೇರೆ. ಗೂಡು ಬೆಳೆದ ಒಕ್ಕಲಿಗರ ಮನೆಯವಳೂ ಅಲ್ಲ, ನೂಲು ತೆಗೆದ ಮುಸ್ಲಿಂ ಮನೆಯವಳೂ ಅಲ್ಲ, ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ದ ದಲಿತ ಕೇರಿಯವಳಂತೂ ಅಲ್ಲವೇ ಅಲ್ಲ.

ಇದು ನಮ್ಮೂರಿನ ಕಥೆ. ದೊಡ್ಡ ಊರುಗಳಲ್ಲಿ ಇದರ ವಿರುದ್ಧ ಎದ್ದ ಗಲಾಟೆಗೆ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ.

ಬ್ರಿಟನ್ನಿನ ‘ವೋಗ್’ ಎಂಬ ಫ್ಯಾಷನ್ ಪತ್ರಿಕೆಯ ಮುಖಪುಟದಲ್ಲಿ ಮೊದಲ ಬಾರಿಗೆ ಕಪ್ಪು ಹೆಣ್ಣುಮಗಳೊಬ್ಬಳ ಮುಖ ಬಂದದ್ದು 1966ರ ಮಾರ್ಚ್‌ನಲ್ಲಿ. ಅವಳ ಹೆಸರು ಡೊನ್ಯಾಲ್ ಲೂನಾ. ಅಮೆರಿಕದ ‘ವೋಗ್’ ಆ ಕೆಲಸ ಮಾಡಲು 1974ರ ಆಗಸ್ಟ್‌ವರೆಗೆ ಕಾಯಿತು. ಆಗ ಬಂದವರು ಬೆವರ್ಲಿ ಜಾನ್ಸನ್. ಇವೆರಡರ ನಡುವೆ, 1973ರ ನವೆಂಬರ್‌ನಲ್ಲಿ, ಪ್ಯಾರಿಸ್ ಬಳಿಯ ವರ್ಸೈ ಅರಮನೆಯಲ್ಲಿ ಫ್ರಾನ್ಸಿನ ಐವರು ಮತ್ತು ಅಮೆರಿಕದ ಐವರು ವಿನ್ಯಾಸಕಾರರ ನಡುವೆ ಒಂದು ಪ್ರದರ್ಶನ ನಡೆಯಿತು. ಅರಮನೆಯ ದುರಸ್ತಿಗೆ ಹಣ ಸೇರಿಸುವ ಕಾರ್ಯಕ್ರಮ. ಫ್ರೆಂಚರು ರಥ, ರಾಕೆಟ್ಟು, ವಾದ್ಯವೃಂದ ಎಂದೆಲ್ಲ ತಂದಿದ್ದರು. ಅಮೆರಿಕನ್ನರ ಬಳಿ ಅಂಥ ಅದ್ದೂರಿ ಏನೂ ಇರಲಿಲ್ಲ. ಆದರೆ ಅವರ ತಂಡದಲ್ಲಿ ಹತ್ತು ಮಂದಿ ಕಪ್ಪು ರೂಪದರ್ಶಿಯರಿದ್ದರು. ಅವರು ನಡೆದ ರೀತಿಗೆ ಸಭೆ ಎದ್ದು ನಿಂತು, ಕೈಯಲ್ಲಿದ್ದ ಕಾರ್ಯಕ್ರಮ ಪಟ್ಟಿಗಳನ್ನು ಗಾಳಿಗೆ ತೂರಿತು ಎಂದು ಅಲ್ಲಿದ್ದವರು ಹೇಳುತ್ತಾರೆ. ಟಿಕೆಟ್ ಕೊಂಡು ಬಂದಿದ್ದವರು ಯುರೋಪಿನ ಶ್ರೀಮಂತರು. ‘ಜನ ಕೇಳುವುದು’ ಏನು ಎಂಬುದಕ್ಕೆ ಅಂದೇ ಉತ್ತರ ಸಿಕ್ಕಿತ್ತು. ಆದರೂ ಉತ್ತರ ಸಿಗಲಿಲ್ಲವೆಂಬಂತೆ ವ್ಯಾಪಾರ ಮುಂದುವರಿಯಿತು.

ಅಂದು ಅಲ್ಲಿ ನಡೆದವರಲ್ಲಿ ಬೆಥಾನ್ ಹಾರ್ಡಿಸನ್ ಎಂಬುವರೂ ಇದ್ದರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ನಿಜವಾಗಿ ಕೆಲಸ ಮಾಡಿದವರು ಅವರೇ. ಮಾಡೆಲ್ ಆಗಿದ್ದವರು 1984ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. 1988ರಲ್ಲಿ ಸೊಮಾಲಿಯಾ ಮೂಲದ ರೂಪದರ್ಶಿ ಇಮಾನ್ ಅವರೊಂದಿಗೆ ಸೇರಿ ಕಪ್ಪು ರೂಪದರ್ಶಿಯರ ಒಕ್ಕೂಟ ಮಾಡಿದರು. ತೊಂಬತ್ತರ ದಶಕದಲ್ಲಿ ಪರಿಸ್ಥಿತಿ ಸುಧಾರಿಸಿತು ಎಂದು ಎಲ್ಲರೂ ಸಮಾಧಾನಪಟ್ಟುಕೊಂಡಿದ್ದಾಗ ಅದು ಮತ್ತೆ ಹಿಂದಕ್ಕೆ ಸರಿಯಿತು. ಒಂದು ದೊಡ್ಡ ಸಂಸ್ಥೆಯ ಪ್ರದರ್ಶನದಲ್ಲಿ 1997ರಲ್ಲಿ ನವೋಮಿ ಕ್ಯಾಂಬೆಲ್ ನಡೆದ ಮೇಲೆ ಮತ್ತೊಬ್ಬ ಕಪ್ಪು ರೂಪದರ್ಶಿ, ಜೋರ್ಡನ್ ಡನ್, ಅಲ್ಲಿ ಕಾಲಿಟ್ಟದ್ದು 2008ರಲ್ಲಿ. ಆ ಸಂಸ್ಥೆ ಇಟಲಿಯ ಪ್ರಾಡಾ. ಹತ್ತು ವರ್ಷಕ್ಕೂ ಮೀರಿದ ಆ ಅವಧಿಯಲ್ಲಿ ಅವರು ಎಷ್ಟು ಸಲ ಪ್ರದರ್ಶನ ನಡೆಸಿರಬಹುದು, ನೀವೇ ಲೆಕ್ಕ ಹಾಕಿ.

2007ರ ಸೆಪ್ಟೆಂಬರ್‌ನಲ್ಲಿ ಹಾರ್ಡಿಸನ್ ನ್ಯೂಯಾರ್ಕಿನಲ್ಲಿ ಒಂದು ಬಹಿರಂಗ ಸಭೆ ಕರೆದರು. ನಮ್ಮ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದ ವರ್ಷವೂ ಅದೇ, ಭಾರತಕ್ಕೆ ‘ವೋಗ್’ ಪತ್ರಿಕೆ ಬಂದ ವರ್ಷವೂ ಅದೇ. ಸಭೆಯಲ್ಲಿ ರೂಪದರ್ಶಿಯರು, ಸಂಪಾದಕರು, ಮಾಡೆಲ್‌ಗಳನ್ನು ಆಯ್ಕೆ ಮಾಡುವವರು ಎಲ್ಲರೂ ಎದುರುಬದುರು ಕುಳಿತರು. ಮರುವರ್ಷ, 2008ರ ಜುಲೈನಲ್ಲಿ, ಇಟಲಿಯ ‘ವೋಗ್’ ಸಂಪಾದಕಿ ಫ್ರಾಂಕಾ ಸೊಝಾನಿ ಕಪ್ಪು ರೂಪದರ್ಶಿಯರನ್ನೇ ಮುಂದಿಟ್ಟುಕೊಂಡು ಇಡೀ ಸಂಚಿಕೆ ತಂದರು. ಸ್ಟೀವನ್ ಮೈಸೆಲ್ ಚಿತ್ರ ತೆಗೆದಿದ್ದರು. ‘ಇಟಲಿಯಲ್ಲಿ ಇದನ್ನು ಯಾರು ಕೊಳ್ಳುತ್ತಾರೆ’ ಎಂದವರೇ ಹೆಚ್ಚು. ಸಂಚಿಕೆ ಅಂಗಡಿಗಳಲ್ಲಿ ಖಾಲಿಯಾಗಿ ಮರುಮುದ್ರಣ ಕಂಡಿತು.

ಹಾಗಾದರೆ ಸಮಸ್ಯೆ ಮುಗಿಯಬೇಕಿತ್ತಲ್ಲ? ಮುಗಿಯಲಿಲ್ಲ. 2009ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ‘ವೋಗ್’ ಕಪ್ಪು ರೂಪದರ್ಶಿಯ ಬದಲು ಡಚ್ ಮೂಲದ ಬಿಳಿ ರೂಪದರ್ಶಿ ಲಾರಾ ಸ್ಟೋನ್ ಅವರ ಮೈಗೆ ಕಪ್ಪು ಬಣ್ಣ ಬಳಿದು ಚಿತ್ರ ಪ್ರಕಟಿಸಿತು. ಬಣ್ಣ ಬೇಕು, ಬಣ್ಣದವರು ಬೇಡ. ಪ್ರಪಂಚವೆಲ್ಲ ಛೀಮಾರಿ ಹಾಕಿತು. 2013ರ ಸೆಪ್ಟೆಂಬರ್‌ನಲ್ಲಿ ಹಾರ್ಡಿಸನ್ ಮತ್ತೆ ಲೇಖನಿ ಹಿಡಿಯಬೇಕಾಯಿತು. ಇಮಾನ್ ಮತ್ತು ನವೋಮಿ ಕ್ಯಾಂಬೆಲ್ ಅವರ ಬೆಂಬಲದೊಂದಿಗೆ ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್‌ನ ಫ್ಯಾಷನ್ ಮಂಡಳಿಗಳಿಗೆ ಬಹಿರಂಗ ಪತ್ರ ಬರೆದರು. ಈ ಬಾರಿ ಅವರು ಒಂದು ಜಾಣತನ ಮಾಡಿದರು. ‘ಉದ್ಯಮದಲ್ಲಿ ವೈವಿಧ್ಯ ಕಡಿಮೆ’ ಎಂಬ ಸಭ್ಯ ಮಾತನ್ನು ಬಿಟ್ಟು, ಹಿಂದಿನ ಪ್ರದರ್ಶನಗಳಲ್ಲಿ ಬಿಳಿಯರಲ್ಲದ ರೂಪದರ್ಶಿಯರನ್ನು ಒಬ್ಬರನ್ನೂ ಬಳಸದ ಅಥವಾ ಒಬ್ಬರನ್ನಷ್ಟೇ ಬಳಸಿದ ಸಂಸ್ಥೆಗಳ ಹೆಸರುಗಳನ್ನು ಸಾಲಾಗಿ ಪಟ್ಟಿ ಮಾಡಿ ಕಳಿಸಿದರು. ಉದ್ದೇಶ ಏನೇ ಇರಲಿ, ಫಲಿತಾಂಶ ಮಾತ್ರ ಜನಾಂಗಭೇದವೇ ಎಂಬುದು ಪತ್ರದ ಸಾರ. ಉದ್ಯಮವನ್ನು ಬೈದರೆ ಯಾರಿಗೂ ನೋವಾಗುವುದಿಲ್ಲ. ಹೆಸರು ಬರೆದರೆ ಮಾರನೆಯ ದಿನ ಫೋನುಗಳು ಬಡಿದುಕೊಳ್ಳುತ್ತವೆ.

ನನ್ನ ಕಸುಬಿಗೆ ಸಂಬಂಧಿಸಿದ ಒಂದು ಕಥೆಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಯಾರ ದೂರನ್ನು ವ್ಯಾಪಾರ ಕೇಳಿಸಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಡಿಜಿಟಲ್ ಬರುವ ಮುಂಚೆ ಬಣ್ಣದ ಫಿಲ್ಮ್ ಎಂದರೆ ಕೊಡಾಕ್. ಲ್ಯಾಬ್‌ನಲ್ಲಿ ಬಣ್ಣ ಸರಿಯಾಗಿ ಬರುತ್ತಿದೆಯೇ ಎಂದು ನೋಡಲು ಕಂಪನಿ ಒಂದು ಮಾದರಿ ಚಿತ್ರ ಕೊಡುತ್ತಿತ್ತು. ಅದನ್ನು ‘ಶೆರ್ಲಿ ಕಾರ್ಡ್’ ಎನ್ನುತ್ತಿದ್ದರು. ಅದರಲ್ಲಿ ಒಬ್ಬ ಬಿಳಿ ಹೆಂಗಸು. ಅವಳ ಚರ್ಮ ಸರಿಯಾಗಿ ಬಂದರೆ ಲೋಕವೆಲ್ಲ ಸರಿಯಾಗಿ ಬಂದಂತೆ! ಅಮೆರಿಕದ ಶಾಲೆಗಳಲ್ಲಿ ತರಗತಿಯ ಗುಂಪು ಚಿತ್ರ ತೆಗೆದರೆ ಬಿಳಿ ಮಕ್ಕಳ ಮುಖ ಚೆನ್ನಾಗಿ ಬರುತ್ತಿತ್ತು, ಪಕ್ಕದ ಕಪ್ಪು ಮಗುವಿನದು ಕಣ್ಣು ಮತ್ತು ಹಲ್ಲು ಮಾತ್ರ. ಆ ಫಿಲ್ಮ್ ಸುಧಾರಿಸಿದ್ದು ಹೇಗೆ ಗೊತ್ತೇ? ಈ ವಿಷಯವನ್ನು ಅಧ್ಯಯನ ಮಾಡಿದ ಕೆನಡಾದ ಲೋರ್ನಾ ರಾತ್ ದಾಖಲಿಸಿರುವಂತೆ, ಎಪ್ಪತ್ತರ ದಶಕದ ಹೊತ್ತಿಗೆ ಚಾಕೊಲೇಟ್ ತಯಾರಕರು ಮತ್ತು ಮರದ ಪೀಠೋಪಕರಣ ಮಾರುವವರು ದೂರು ಕೊಟ್ಟರು. ಕಪ್ಪು ಚಾಕೊಲೇಟಿಗೂ ಹಾಲಿನ ಚಾಕೊಲೇಟಿಗೂ ಚಿತ್ರದಲ್ಲಿ ವ್ಯತ್ಯಾಸ ಕಾಣುತ್ತಿಲ್ಲ, ತೇಗಕ್ಕೂ ಬೇರೆ ಮರಕ್ಕೂ ವ್ಯತ್ಯಾಸ ಕಾಣುತ್ತಿಲ್ಲ ಎಂದರು. ಕಂಪನಿ ಕೂಡಲೇ ಕಂದು ಬಣ್ಣಗಳ ಮೇಲೆ ಕೆಲಸ ಶುರು ಮಾಡಿತು. ಮಗುವಿನ ಮುಖ ಕಾಣಲಿಲ್ಲ ಎಂಬುದು ಸುದ್ದಿಯಾಗಲಿಲ್ಲ, ಮೇಜು ಕಾಣಲಿಲ್ಲ ಎಂಬುದು ಸುದ್ದಿಯಾಯಿತು. ಬೇರೆ ಬೇರೆ ಮೈಬಣ್ಣದ ಹೆಂಗಸರಿರುವ ಶೆರ್ಲಿ ಕಾರ್ಡ್ ಬಂದದ್ದು ತೊಂಬತ್ತರ ದಶಕದಲ್ಲಿ.

ದುಡ್ಡು ಕೊಡುವವನ ಕೋಪಕ್ಕೆ ಕಿವಿ, ಉಳಿದವರ ಕೋಪಕ್ಕೆ ಅನುಕಂಪ. ಫ್ಯಾಷನ್ ಕ್ಷೇತ್ರದಲ್ಲಿ ಎಲ್ಲಿ ನೋಡಿದರೂ ಇದೇ ಲೆಕ್ಕ. 1988ರಲ್ಲಿ ಫ್ರಾನ್ಸಿನ ‘ವೋಗ್’ ನವೋಮಿ ಕ್ಯಾಂಬೆಲ್ ಅವರನ್ನು ಮುಖಪುಟಕ್ಕೆ ಹಾಕಲು ಹಿಂದೇಟು ಹಾಕಿದಾಗ, ವಿನ್ಯಾಸಕಾರ ಈವ್ ಸ್ಯಾಂ ಲೋರಾಂ ತಮ್ಮ ಜಾಹೀರಾತುಗಳನ್ನೇ ಹಿಂದಕ್ಕೆ ಪಡೆಯುತ್ತೇನೆ ಎಂದರು ಎಂದು ಕ್ಯಾಂಬೆಲ್ ಹೇಳಿಕೊಂಡಿದ್ದಾರೆ. ಮುಖಪುಟ ಬಂತು. 2018ರ ನವೆಂಬರ್‌ನಲ್ಲಿ ಇಟಲಿಯ ಫ್ಯಾಷನ್ ಸಂಸ್ಥೆ ಡೋಲ್ಚೆ ಅಂಡ್ ಗಬ್ಬಾನಾ ಚೀನಾದ ಹುಡುಗಿಯೊಬ್ಬಳು ಕಡ್ಡಿಗಳಿಂದ ಪಿಜ್ಜಾ ತಿನ್ನಲು ಒದ್ದಾಡುವ ಜಾಹೀರಾತು ಮಾಡಿತು. ಚೀನಾದಲ್ಲಿ ಎಂಥ ಸಿಟ್ಟೆದ್ದಿತೆಂದರೆ ಶಾಂಘೈನ ಪ್ರದರ್ಶನ ರದ್ದಾಯಿತು, ಆನ್‌ಲೈನ್ ಮಳಿಗೆಗಳು ಅವರ ಸರಕನ್ನು ಕಿತ್ತುಹಾಕಿದವು, ಇಬ್ಬರು ಮಾಲೀಕರೂ ಕ್ಯಾಮೆರಾ ಮುಂದೆ ಕುಳಿತು ಕ್ಷಮೆ ಕೇಳಿದರು. ಅವರಿಗೆ ರಾತ್ರೋರಾತ್ರಿ ಜ್ಞಾನೋದಯವಾಯಿತೆಂದು ನಾನು ನಂಬುವುದಿಲ್ಲ. ಚೀನಾದ ಮಾರುಕಟ್ಟೆಯ ಗಾತ್ರ ನೆನಪಾಯಿತು. ಇನ್ನು 2017ರಲ್ಲಿ ಗಾಯಕಿ ರಿಯಾನಾ ‘ಫೆಂಟಿ’ ಎಂಬ ಪ್ರಸಾಧನ ಸಂಸ್ಥೆ ಶುರು ಮಾಡಿ ಒಂದೇ ಬಾರಿಗೆ 40 ಮೈಬಣ್ಣಗಳಿಗೆ ಹೊಂದುವ, ಮುಖಕ್ಕೆ ಹಚ್ಚುವ ಫೌಂಡೇಷನ್ ಬಿಟ್ಟರು. ಗಾಢ ಬಣ್ಣದವೇ ಮೊದಲು ಖಾಲಿಯಾದ ಅಂಗಡಿಗಳಿದ್ದವು. ಜನ ಕೇಳುವುದಿಲ್ಲ ಎನ್ನುತ್ತಿದ್ದವರು ಆಮೇಲೆ ತಾವೂ 40 ಬಣ್ಣ ಮಾಡತೊಡಗಿದರು.

ಭಾರತಕ್ಕೆ ಬರೋಣ. ಇಲ್ಲಿ ವಿಚಿತ್ರ ಇನ್ನೂ ಹೆಚ್ಚು, ಏಕೆಂದರೆ ಇಲ್ಲಿ ಕಪ್ಪು ಮೈಬಣ್ಣದವರು ಅಲ್ಪಸಂಖ್ಯಾತರಲ್ಲ, ನಾವೇ. ಭಾರತದ ‘ವೋಗ್’ ತನ್ನ ಮೊಟ್ಟಮೊದಲ ಮುಖಪುಟದಲ್ಲಿ ಭಾರತೀಯ ನಟಿಯರ ನಡುವೆ ಆಸ್ಟ್ರೇಲಿಯಾದ ಬಿಳಿ ರೂಪದರ್ಶಿ ಜೆಮ್ಮಾ ವಾರ್ಡ್ ಅವರನ್ನು ನಿಲ್ಲಿಸಿತ್ತು. ಹತ್ತನೆಯ ವರ್ಷದ ಸಂಭ್ರಮದ ಸಂಚಿಕೆಗೆ, 2017ರಲ್ಲಿ, ಅಮೆರಿಕದ ಬಿಳಿ ರೂಪದರ್ಶಿ ಕೆಂಡಲ್ ಜೆನ್ನರ್. ಎರಡನೆಯದಕ್ಕೆ ಸಾಕಷ್ಟು ಕೂಗಾಡಿದೆವು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಅವೆರಡರ ನಡುವೆ ಬಂದ 2008ರ ಆಗಸ್ಟ್ ಸಂಚಿಕೆ. ಅದರಲ್ಲಿ ಬಡ ಹಳ್ಳಿಗರ ಕೈಗೆ ದುಬಾರಿ ವಸ್ತು ಕೊಟ್ಟು ತೆಗೆದ ಚಿತ್ರಮಾಲೆ ಇತ್ತು. ಹಲ್ಲಿಲ್ಲದ ಅಜ್ಜಿಯ ಕಂಕುಳಲ್ಲಿದ್ದ ಮಗುವಿನ ಕೊರಳಿಗೆ ಫೆಂಡಿ ಸಂಸ್ಥೆಯ ಸುಮಾರು ನೂರು ಡಾಲರಿನ ಜೊಲ್ಲುಬಟ್ಟೆ. ಒಬ್ಬ ಗಂಡಸಿನ ಕೈಯಲ್ಲಿ ಬರ್ಬೆರಿ ಕೊಡೆ. ಬೈಕಿನ ಮೇಲೆ ಗಂಡ, ಹೆಂಡತಿ, ಮಗು. ಹೆಂಡತಿಯ ತೋಳಿನಲ್ಲಿ ಹತ್ತು ಸಾವಿರ ಡಾಲರಿಗೂ ಮೀರಿದ ಎರ್ಮೆಸ್ ಚೀಲ. ವೈವಿಧ್ಯ ಬೇಕು ಎಂದವರಿಗೆ ತಗೊಳ್ಳಿ ವೈವಿಧ್ಯ! ಚಿತ್ರದ ಕೆಳಗೆ ಕೊಡೆಯ ಹೆಸರಿತ್ತು, ಚೀಲದ ಹೆಸರಿತ್ತು. ಮನುಷ್ಯರ ಹೆಸರಿರಲಿಲ್ಲ. ಮುಖ ಸೇರಿಸಿಕೊಂಡ ಮಾತ್ರಕ್ಕೆ ಕೆಲಸ ಮುಗಿಯಿತು ಎನ್ನುವವರಿಗೆ ನಾನು ತೋರಿಸುವುದು ಈ ಚಿತ್ರಗಳನ್ನು. ಅಲ್ಲಿ ಅಜ್ಜಿ ಮಾಡೆಲ್ ಅಲ್ಲ, ಅಜ್ಜಿ ಹಿನ್ನೆಲೆ.

ಬಿಳುಪಿನ ಕ್ರೀಮಿನ ಕಥೆ ನಿಮಗೆಲ್ಲ ಗೊತ್ತು, ಬೇಗ ಮುಗಿಸುತ್ತೇನೆ. ‘ಫೇರ್ ಅಂಡ್ ಲವ್ಲಿ’ 1975ರಲ್ಲಿ ಬಂತು. ಅಪ್ಪನಿಗೆ ಗಂಡುಮಗನಿಲ್ಲದ ಕೊರಗು, ಕಪ್ಪಗಿರುವ ಮಗಳು ಕ್ರೀಮು ಹಚ್ಚಿ ಗಗನಸಖಿಯಾಗುವ ಜಾಹೀರಾತು ನಿಮ್ಮ ತಾಯಂದಿರಿಗೆ ನೆನಪಿರುತ್ತದೆ. ಜನವಾದಿ ಮಹಿಳಾ ಸಂಘಟನೆ ದೂರು ಕೊಟ್ಟು ಬೆನ್ನು ಹತ್ತಿದ ಮೇಲೆ 2003ರಲ್ಲಿ ಅದು ಟಿ.ವಿ.ಯಿಂದ ಹೋಯಿತು. 2009ರಲ್ಲಿ ಚೆನ್ನೈನ ಸಂಸ್ಥೆಯೊಂದು ‘ಕಪ್ಪೂ ಚೆಲುವೇ’ ಎನ್ನುವ ಅಭಿಯಾನ ಶುರು ಮಾಡಿತು, 2013ರಲ್ಲಿ ನಟಿ ನಂದಿತಾ ದಾಸ್ ಅದಕ್ಕೆ ದನಿಗೂಡಿಸಿದರು. ಅದೇ ವರ್ಷ ತೆಲುಗು ಕುಟುಂಬದ ನೀನಾ ದಾವುಲೂರಿ ಮಿಸ್ ಅಮೆರಿಕ ಆದಾಗ ಅಮೆರಿಕದಲ್ಲಿ ಒಂದಷ್ಟು ಮಂದಿ ಅವಳನ್ನು ಅರಬಳೆಂದು ಬೈದರು. ನಾವು ಅವರನ್ನು ಬೈದೆವು. ಬೈದು ಮುಗಿಸಿದ ಮೇಲೆ ಯಾರೋ ಕೇಳಿದರು: ಈ ಮೈಬಣ್ಣದ ಹುಡುಗಿ ಮಿಸ್ ಇಂಡಿಯಾ ಆಗುತ್ತಿದ್ದಳೇ? ಉತ್ತರ ಎಲ್ಲರಿಗೂ ಗೊತ್ತಿತ್ತು. 2014ರಲ್ಲಿ ಜಾಹೀರಾತು ಗುಣಮಟ್ಟ ಮಂಡಳಿ, ಕಪ್ಪಗಿರುವವರನ್ನು ಮದುವೆಗೆ, ನೌಕರಿಗೆ ನಾಲಾಯಕ್ಕೆಂದು ತೋರಿಸಬಾರದು ಎಂಬ ನಿಯಮ ಮಾಡಿತು. ಕೊನೆಗೆ 2020ರಲ್ಲಿ, ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯನ್ನು ಕೊಂದು ಪ್ರಪಂಚವೆಲ್ಲ ಬೀದಿಗಿಳಿದ ಮೇಲೆ, ಕ್ರೀಮಿನ ಹೆಸರು ‘ಗ್ಲೋ ಅಂಡ್ ಲವ್ಲಿ’ ಆಯಿತು. ಮಿನಿಯಾಪೊಲಿಸ್‌ನ ಸಾವಿಗೆ ಚಿಂತಾಮಣಿಯ ಕಿರಾಣಿ ಅಂಗಡಿಯ ಡಬ್ಬಿ ಹೆಸರು ಬದಲಿಸಿಕೊಂಡಿತು. ಕೊಳ್ಳುವವರು ಈಗಲೂ ಹಳೆಯ ಹೆಸರಿನಿಂದಲೇ ಕೇಳುತ್ತಾರೆ.

ಈಗ ನನ್ನ ಕಸುಬಿನವರು ಹೇಳುವ ಇನ್ನೊಂದು ನೆಪ: ‘ಕಪ್ಪು ಮುಖ ಫೋಟೋದಲ್ಲಿ ಬರುವುದಿಲ್ಲ.’ ನೋಡಿ, ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್ ಎದುರಿಗಿರುವುದನ್ನೆಲ್ಲ ಮಧ್ಯಮ ಬೂದು ಎಂದುಕೊಂಡು ಲೆಕ್ಕ ಹಾಕುತ್ತದೆ. ಹಿಂದೆ ಬಿಳಿ ಪರದೆ ಕಟ್ಟಿದರೆ ‘ಬೆಳಕು ವಿಪರೀತವಾಗಿದೆ’ ಎಂದು ತಿಳಿದು ಇಡೀ ಚಿತ್ರವನ್ನೇ ಕತ್ತಲು ಮಾಡುತ್ತದೆ. ಮುಖ ಇನ್ನಷ್ಟು ಕಪ್ಪಾಗುತ್ತದೆ. ಆಗ ನಮ್ಮವರು ಕ್ಯಾಮೆರಾದ ಮೇಲಿನ ಫ್ಲಾಶನ್ನು ನೇರ ಮುಖಕ್ಕೆ ಹೊಡೆಯುತ್ತಾರೆ. ಹಣೆ, ಮೂಗು ಹೊಳೆಯುತ್ತವೆ, ಜರಿ ಉರಿದುಹೋಗುತ್ತದೆ. ಅಲ್ಲಿಗೆ ಹುಡುಗಿಯದೇ ತಪ್ಪು ಎಂದು ತೀರ್ಮಾನ. ಮಾಡಬೇಕಾದದ್ದು ಇಷ್ಟೇ: ಬಿಳಿ ಪರದೆ ತೆಗೆಯಿರಿ. ದೊಡ್ಡ, ಮೆತ್ತಗಿನ ಬೆಳಕನ್ನು ಪಕ್ಕದಿಂದ ಕೊಡಿ. ಕಿಟಕಿಗೆ ಬಿಳಿ ಪಂಚೆ ಕಟ್ಟಿದರೂ ಸಾಕು. ಇನ್ನೊಂದು ಬದಿಗೆ ಥರ್ಮೋಕೋಲ್ ಹಲಗೆ ಹಿಡಿಯಿರಿ. ಅಳತೆಯನ್ನು ಮುಖದ ಮೇಲೆ ತೆಗೆದುಕೊಳ್ಳಿ. ಗಾಢ ಬಣ್ಣದ ಚರ್ಮ ಆ ಪಕ್ಕದ ಬೆಳಕನ್ನು ಹಿಡಿದು ಕೆನ್ನೆಯ ಏರನ್ನು, ಕತ್ತಿನ ಇಳಿಜಾರನ್ನು ತೋರಿಸುವಷ್ಟು ಚೆನ್ನಾಗಿ ತೆಳು ಬಣ್ಣದ ಚರ್ಮ ತೋರಿಸಲಾರದು. ಕೆಂಪು ರೇಷ್ಮೆ, ಎಲೆಹಸಿರು, ಅರಿಶಿನ, ಇವು ಎದ್ದು ನಿಲ್ಲುವುದೂ ಅಲ್ಲಿಯೇ. ನಮ್ಮ ಛಾಯಾಗ್ರಾಹಕರು ಧನುರ್ಮಾಸದಲ್ಲಿ ದೇವಸ್ಥಾನಗಳ ಕಪ್ಪು ಶಿಲೆಯ ವಿಗ್ರಹವನ್ನು ದೀಪದ ಬೆಳಕಿನಲ್ಲೇ ತೆಗೆಯುತ್ತಾರೆ. ಕಣ್ಣು, ತುಟಿ, ಕೊರಳಿನ ಹಾರ ಎಲ್ಲವೂ ಎಣಿಸುವ ಹಾಗೆ ಬರುತ್ತದೆ. ದೇವರ ಮುಖ ಬರುತ್ತದೆ, ದೇವರಿಗೆ ಹೂವು ತಂದವಳ ಮುಖ ಬರುವುದಿಲ್ಲ!

ಬಣ್ಣದ ಮಾತಿನ ಅಡಿಯಲ್ಲಿ ಜಾತಿಯ ಮಾತು ಇದೆ ಎಂಬುದನ್ನು ಕೋಲಾರ, ಚಿಕ್ಕಬಳ್ಳಾಪುರದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ದಲಿತ ಚಳವಳಿ ಬೇರು ಬಿಟ್ಟ ನೆಲ ಇದು. ‘ಸ್ವಲ್ಪ ಲಕ್ಷಣವಾಗಿರುವ ಹುಡುಗಿ ಬೇಕು’ ಎಂದು ಅಂಗಡಿಯವರು ಹೇಳುವಾಗ ಯಾವ ಕೇರಿಯವಳು ಬೇಡ ಎಂಬುದು ಅದರೊಳಗೇ ಇರುತ್ತದೆ. ಅದು ಬಾಯಿಬಿಟ್ಟು ಹೇಳಲಾಗದ್ದರಿಂದ ಬಣ್ಣದ ಮೇಲೆ ಹೇಳುತ್ತಾರೆ. ನಗರದ ಮಳಿಗೆಗಳಲ್ಲಿ ಈಚೆಗೆ ಕಪ್ಪು ಮೈಬಣ್ಣದ ಮಾಡೆಲ್‌ಗಳು ಕಾಣುತ್ತಾರೆ ಎಂದು ಖುಷಿಪಡುವವರಿದ್ದಾರೆ. ನಾನೂ ಪಡುತ್ತೇನೆ, ಅರ್ಧ. ಅವಳಿಗೆ ಉಡಿಸುವುದು ಹೆಚ್ಚಾಗಿ ಕೈಮಗ್ಗದ ಹತ್ತಿ ಸೀರೆ, ಹಾಕಿಸುವುದು ಆಕ್ಸಿಡೈಸ್ಡ್ ಬೆಳ್ಳಿ, ನಿಲ್ಲಿಸುವುದು ಮಣ್ಣಿನ ಗೋಡೆಯ ಮುಂದೆ. ಮುಹೂರ್ತದ ಸೀರೆ, ಬಂಗಾರದ ಡಾಬು ಬಂದಾಗ ಮತ್ತೆ ಹಳೆಯ ಮುಖವೇ.

ಸಾರ್ವಜನಿಕ ಕೋಪಕ್ಕೆ ಆಯುಸ್ಸು ಕಡಿಮೆ. 2007ರ ಸಭೆಯ ಫಲ 2013ರ ಹೊತ್ತಿಗೆ ಬತ್ತಿತ್ತು. ವ್ಯಾಪಾರದವರಿಗೆ ಇದು ಚೆನ್ನಾಗಿ ಗೊತ್ತು. ಒಂದು ಋತು ತಲೆ ತಗ್ಗಿಸಿ, ಒಬ್ಬ ಮಾಡೆಲ್ ಸೇರಿಸಿ, ಗಾಳಿ ಹೋದ ಮೇಲೆ ತೂರಿಕೊಂಡರಾಯಿತು. ಹಾರ್ಡಿಸನ್ ಗೆದ್ದದ್ದು ಕೋಪದಿಂದಲ್ಲ, ಎಣಿಕೆಯಿಂದ. ಯಾವ ಪ್ರದರ್ಶನ, ಎಷ್ಟು ಮಂದಿ, ಅದರಲ್ಲಿ ಯಾರು: ಪ್ರತಿ ವರ್ಷ ಬರೆದಿಟ್ಟುಕೊಂಡವರ ಮುಂದೆ ‘ಜನ ಕೇಳುವುದೇ ಅದನ್ನು’ ಎಂಬ ಮಾತು ನಿಲ್ಲುವುದಿಲ್ಲ. ನ್ಯೂಯಾರ್ಕಿನವರಿಗೆ ಇಲ್ಲದ ಅನುಕೂಲವೊಂದು ನಿಮಗಿದೆ. ಮಾಡೆಲ್ ಆರಿಸುವ ಮನುಷ್ಯ ಅಲ್ಲಿ ಮುಚ್ಚಿದ ಬಾಗಿಲ ಹಿಂದಿರುತ್ತಾನೆ. ಇಲ್ಲಿ ಅವನು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿರುತ್ತಾನೆ, ನಿಮ್ಮ ತಂದೆಯ ಪರಿಚಯದವನೂ ಆಗಿರುತ್ತಾನೆ. ಅಕ್ಕನ ಮದುವೆಗೆ ಜವಳಿ ತೆಗೆಯಲು ಹೋದಾಗ, ಬಿಲ್ ಬರೆಸುವ ಮುಂಚೆ, ‘ಯಾಕೆ ಅಣ್ಣಾ, ನಿಮ್ಮ ಬೋರ್ಡಿನಲ್ಲಿ ನಮ್ಮಂಥವರು ಯಾರೂ ಇಲ್ಲ’ ಎಂದು ಕೇಳಿ. ಬಿಲ್ ಆದ ಮೇಲೆ ಕೇಳಬೇಡಿ. ಆಗ ನಿಮಗೆ ಸಿಗುವುದು ಅನುಕಂಪ ಮತ್ತು ಒಂದು ಕ್ಯಾಲೆಂಡರ್.

ಪ್ರಶ್ನೋತ್ತರ

ತೆಳ್ಳಗಿರಬೇಕೆಂಬ ಒತ್ತಡದ ಬಗ್ಗೆ ಒಬ್ಬ ವಿದ್ಯಾರ್ಥಿನಿ ಕೇಳಿದರು. ಅದರ ಬಗ್ಗೆ ಕೆಲವು ದೇಶಗಳಲ್ಲಿ ಕಾನೂನೇ ಬಂದಿದೆ ಎಂದೆ. 2006ರಲ್ಲಿ ಉರುಗ್ವೆ ಮತ್ತು ಬ್ರೆಜಿಲ್‌ನ ಇಬ್ಬರು ಯುವ ರೂಪದರ್ಶಿಯರು ತೆಳ್ಳಗಿರಲು ಊಟ ಬಿಟ್ಟು ಸತ್ತರು. ಅದೇ ವರ್ಷ ಮ್ಯಾಡ್ರಿಡ್‌ನ ಪ್ರದರ್ಶನ ತೀರಾ ಕಡಿಮೆ ತೂಕದವರಿಗೆ ವೇದಿಕೆ ನಿರಾಕರಿಸಿತು. ಇಸ್ರೇಲ್ 2012ರಲ್ಲಿ ಕಾನೂನು ಮಾಡಿತು. ಫ್ರಾನ್ಸಿನಲ್ಲಿ 2017ರಿಂದ ರೂಪದರ್ಶಿಯರಿಗೆ ವೈದ್ಯರ ಪ್ರಮಾಣಪತ್ರ ಕಡ್ಡಾಯ. ದೇಹದ ಆಕಾರವನ್ನು ಕಂಪ್ಯೂಟರಿನಲ್ಲಿ ತಿದ್ದಿದ್ದರೆ ಜಾಹೀರಾತಿನಲ್ಲಿ ಹಾಗೆಂದು ಬರೆಯಬೇಕು. ನಮ್ಮಲ್ಲಿ ಅಂಥದ್ದಿಲ್ಲ.

‘ಮೊಬೈಲೇ ತಾನಾಗಿ ಬೆಳ್ಳಗೆ ಮಾಡುತ್ತದಲ್ಲ, ಅದಕ್ಕೆ ಯಾರನ್ನು ಕೇಳೋಣ?’ ಎಂದು ಇನ್ನೊಬ್ಬ ಹುಡುಗ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ‘ಬ್ಯೂಟಿ’ ಎಂದಿರುವುದನ್ನು ಸೊನ್ನೆಗೆ ಇಳಿಸು ಎಂದೆ. ಅಲ್ಲೇ ಇಳಿಸಿ, ಪಕ್ಕದವನ ಚಿತ್ರ ತೆಗೆದು, ಇಬ್ಬರೂ ನಕ್ಕರು.

ಕೊನೆಯ ಪ್ರಶ್ನೆ ಕೇಳಿದ್ದು ಮುಂದಿನ ಸಾಲಿನ ಹುಡುಗಿ. ನೇರವಾಗಿಯೇ ಕೇಳಿದರು: ‘ಅಂಗಡಿಯವರು ಸರಿ ಎಂದು ಒಪ್ಪಿಕೊಂಡು, ನೀನೇ ಬಾ, ನಿನ್ನ ಫೋಟೋ ಹಾಕುತ್ತೇನೆ ಎಂದರೆ? ಫ್ಲೆಕ್ಸ್ ಮೇಲೆ ನನ್ನ ಮುಖ ಕಂಡರೆ ನಮ್ಮ ಮನೆಯಲ್ಲಿ ಕಾಲೇಜು ಬಿಡಿಸುತ್ತಾರೆ.’ ಸಭೆ ನಗಲಿಲ್ಲ. ಇದು ನಿಜವಾದ ತೊಡಕು. ‘ಲೇಡೀಸ್’ ಫೋಲ್ಡರ್ ಹುಟ್ಟಿಕೊಂಡಿರುವುದಕ್ಕೆ ಇದೂ ಒಂದು ಕಾರಣ. ಅಂತರ್ಜಾಲದ ಹೆಣ್ಣಿಗೆ ಅಪ್ಪ ಇಲ್ಲ, ಅಣ್ಣ ಇಲ್ಲ, ಜಗಳಕ್ಕೆ ಬರುವವರು ಯಾರೂ ಇಲ್ಲ.

ನಾನು ಹೇಳಿದ್ದು ಇದು. ಮನೆಯವರ ಹೆದರಿಕೆ ಪೂರಾ ಹುಚ್ಚಲ್ಲ. ಒಮ್ಮೆ ತೆಗೆದ ಚಿತ್ರ ಎಲ್ಲೆಲ್ಲಿಗೆ ಹೋಗುತ್ತದೆಂದು ಯಾರೂ ಹೇಳದಿದ್ದರೆ ಹೆದರಲೇಬೇಕು. ಆದ್ದರಿಂದ ಮೊದಲು ಕಾಗದ, ಆಮೇಲೆ ಕ್ಯಾಮೆರಾ. ನಾನು ಬಳಸುವ ಒಪ್ಪಿಗೆ ಪತ್ರ ಒಂದು ಪುಟದ್ದು, ಕನ್ನಡದಲ್ಲಿದೆ. ಹಣ ಎಷ್ಟು ಮತ್ತು ಯಾವತ್ತು ಕೊಡುತ್ತಾರೆ, ಚಿತ್ರ ಯಾವ ಅಂಗಡಿಗೆ, ಫ್ಲೆಕ್ಸಿಗೋ ಮೊಬೈಲಿಗೋ ಎರಡಕ್ಕೂನೋ, ಎಷ್ಟು ತಿಂಗಳು, ಅವಧಿ ಮುಗಿದ ಮೇಲೆ ಇಳಿಸುವ ಜವಾಬ್ದಾರಿ ಯಾರದು, ಬೇರೆಯವರಿಗೆ ಕೊಡುವಂತಿಲ್ಲ, ಚಿತ್ರ ತೆಗೆಯುವಾಗ ಮನೆಯವರೊಬ್ಬರು ಜೊತೆಗಿರಬಹುದು, ಮೈಬಣ್ಣವನ್ನು ಕಂಪ್ಯೂಟರಿನಲ್ಲಿ ತಿದ್ದುವಂತಿಲ್ಲ. ಕೊನೆಯ ಷರತ್ತಿಗೆ ಸಹಿ ಹಾಕುವಾಗ ಅಂಗಡಿಯವರು ತಲೆ ಎತ್ತಿ ಒಮ್ಮೆ ನನ್ನ ಮುಖ ನೋಡುತ್ತಾರೆ, ಆಮೇಲೆ ಹಾಕುತ್ತಾರೆ. ಈ ಕಾಗದ ನೋಡಿ ಒಪ್ಪಿದ ತಾಯಂದಿರಿದ್ದಾರೆ, ನೋಡಿಯೂ ಒಪ್ಪದವರಿದ್ದಾರೆ. ಒಪ್ಪದಿದ್ದರೆ ಒತ್ತಾಯ ಬೇಡ. ನಲವತ್ತು ದಾಟಿದ ಅತ್ತೆಯನ್ನೋ ಚಿಕ್ಕಮ್ಮನನ್ನೋ ಕೇಳಿ ನೋಡಿ. ನನ್ನ ಅನುಭವದಲ್ಲಿ ಅವರೇ ಬೇಗ ಒಪ್ಪುತ್ತಾರೆ, ಸೀರೆ ಉಡುವುದೂ ಅವರಿಗೇ ಚೆನ್ನಾಗಿ ಬರುತ್ತದೆ. ಪತ್ರದ ಪ್ರತಿಗಳನ್ನು ಗ್ರಂಥಾಲಯದ ಮೇಜಿನ ಮೇಲೆ ಇಟ್ಟಿದ್ದೇನೆ. ಬೇಕಾದವರು ಜೆರಾಕ್ಸ್ ಮಾಡಿಸಿಕೊಳ್ಳಬಹುದು.